ಹಸುವಿನ ಪಕ್ಕೆಯಲ್ಲೊಂದು ಕಿಟಕಿ

ಹನಗೋಡು

ನಾನು ದನದ ಡಾಕ್ಟರು. ಮನೆ ಪಿರಿಯಾಪಟ್ಟಣ. ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಲೆದು ನೌಕರಿ ಮುಗಿಸಿದವನು. ನನ್ನ ಬಾಯಿ ಒರಟು, ಕೈ ಒಳ್ಳೆಯದು ಎಂದು ಈ ಕಡೆಯವರು ಹೇಳುತ್ತಾರೆ. ಎರಡೂ ನಿಜ. ವಿದೇಶಕ್ಕೆ ಹೋಗಿ ಬಂದವರೆಲ್ಲ ಗೋಪುರ, ಸೇತುವೆ, ಅರಮನೆ ಎಂದು ಬರೆಯುತ್ತಾರೆ. ನಾನು ಹಾಲೆಂಡಿಗೆ ಹೋಗಿ ಕಣ್ತುಂಬ ನೋಡಿದ್ದು ಒಂದು ಹಸುವಿನ ಹೊಟ್ಟೆಯನ್ನು. ಅದನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಇದು ಶುರುವಾದದ್ದು ಹನಗೋಡಿನ ಚಿಕ್ಕತಾಯಮ್ಮನ ಕೊಟ್ಟಿಗೆಯಲ್ಲಿ. ಆಕೆಯ ಹಸು ಮೇವು ಬಿಟ್ಟು, ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಎಡಪಕ್ಕೆ ಕುಯ್ದು ಕೈ ಹಾಕಿದೆ. ಒಳಗೆ ಹುಲ್ಲಿಗಿಂತ ಹೆಚ್ಚು ಇದ್ದದ್ದು ಪ್ಲಾಸ್ಟಿಕ್ ಕವರು. ಸಂತೆಯ ಕವರು, ಉಪ್ಪಿನ ಕವರು, ಹಾಲಿನ ಕವರು, ಎಲ್ಲ ಒಂದಕ್ಕೊಂದು ಹುರಿಗಟ್ಟಿಕೊಂಡು ಹಗ್ಗವಾಗಿದ್ದವು. ಎಳೆದಷ್ಟೂ ಬಂತು. ನೌಕರಿಯ ಕೊನೆಯ ವರ್ಷಗಳಲ್ಲಿ ಇಂಥದ್ದನ್ನು ಎಷ್ಟು ಕಂಡೆನೋ, ಪ್ರತಿ ಸಲವೂ ಮೈ ಉರಿಯುತ್ತಿತ್ತು. ಆ ಹಸು ಬದುಕಲಿಲ್ಲ.

ಅಂದು ನನ್ನ ಜೊತೆ ನನ್ನ ಬಾಮೈದ ಶಿವನಂಜು ಬಂದಿದ್ದ. ನನ್ನ ಹೆಂಡತಿಯ ತಮ್ಮ, ಮೈಸೂರಿನ ಒಂದು ಪ್ರಯೋಗಶಾಲೆಯಲ್ಲಿ ಕೆಲಸ. ಪ್ಲಾಸ್ಟಿಕ್ಕಿಗೆ ಬದಲಾಗಿ ಮರಗೆಣಸಿನ ಗಂಜಿಯಿಂದ ಕವರಿನ ಹಾಳೆ ಮಾಡುವುದೇ ಅವನ ಹುಚ್ಚು. ಗಂಜಿ ಕಾಯಿಸಿ, ಅದಕ್ಕಿಷ್ಟು ಗ್ಲಿಸರಿನ್ ಬೆರೆಸಿ, ಗಾಜಿನ ಮೇಲೆ ತೆಳ್ಳಗೆ ಹುಯ್ದು ಒಣಗಿಸಿ ಎಬ್ಬಿಸುತ್ತಾನೆ. ನೋಡಿದವರು ಸಂಡಿಗೆ ಅಂದುಕೊಳ್ಳಬೇಕು. ಹಸು ಸತ್ತ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಬಾರದೇ? ಚಿಕ್ಕತಾಯಮ್ಮನಿಗೆ ಸಮಾಧಾನ ಹೇಳಲು ಹೋದ.

"ಅಕ್ಕಾ, ನಾವು ಒಂದು ಹೊಸಾ ಕವರ್ ಮಾಡ್ತಾ ಇದೀವಿ. ಮಣ್ಣಿಗೆ ಬಿದ್ರೆ ಕರಗೋಯ್ತದೆ."

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅವನನ್ನೇ ನೋಡಿದಳು. "ಮಣ್ಣಲ್ ಕರಗ್ತದೆ, ಸರಿ ಕಣಪ್ಪಾ. ನನ್ನಸ ಏನ್ ಮಣ್ಣಾ? ಅಸೀನ್ ವಟ್ಟೇಲಿ ಕರಗ್ತದಾ, ಅದ್ನ ಏಳು."

ಶಿವನಂಜು ನನ್ನ ಮುಖ ನೋಡಿದ. ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಜೀಪು ಹುಣಸೂರು ಮುಟ್ಟುವಾಗ ಅವನು ಒಂದೇ ಮಾತು ಹೇಳಿದ: "ಇದಕ್ಕೆ ಉತ್ರ ಇಲ್ದೆ ನಾನು ಈ ಕೆಲ್ಸ ಮುಂದುವರ್ಸಲ್ಲ ಬಾವ."

ಕೆಲವು ತಿಂಗಳಾದ ಮೇಲೆ ಇಂಥದೇ ಹಾಳೆಗಳ ಮೇಲೆ ಕೆಲಸ ಮಾಡುವ ಹಾಲೆಂಡಿನ ಒಂದು ಸಂಸ್ಥೆಯವರು ಅವನನ್ನು ಹಾಳೆಗಳ ಸಮೇತ ಕರೆದರು. ಜೊತೆಗೆ ಒಬ್ಬರು ಬರಬಹುದು ಎಂದರಂತೆ. ಅವನು ನನ್ನ ಹೆಸರು ಕೊಟ್ಟ. ದನದ ಡಾಕ್ಟರಿಗೆ ಅಲ್ಲೇನು ಕೆಲಸ ಎಂದು ಅವನ ಕಚೇರಿಯಲ್ಲಿ ನಕ್ಕರಂತೆ. ನನ್ನ ಹೆಂಡತಿ ಮಾತ್ರ ನಗಲಿಲ್ಲ. "ಅಲ್ಲೋಗಿ ಯಾರ್ ಮೇಲೂ ರೇಗ್ಬೇಡಿ ಕಣ್ರೀ" ಎಂದು ಹೇಳಿ ಚಕ್ಕುಲಿ ಕಟ್ಟಿಕೊಟ್ಟಳು.

ವಿಮಾನ ನಿಲ್ದಾಣ

ಹಾಳೆಗಳನ್ನು ಶಿವನಂಜು ಹಳೆಯ ಪತ್ರಿಕೆಗಳ ನಡುವೆ ಒಂದೊಂದಾಗಿ ಜೋಡಿಸಿ, ಸ್ಟೀಲಿನ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ವಿಮಾನದಲ್ಲಿ ಗಗನಸಖಿ ಎಷ್ಟು ಸಲ ಕೇಳಿದರೂ ಡಬ್ಬಿ ಮೇಲಿಡಲು ಕೊಡಲಿಲ್ಲ. ಇಳಿದ ಮೇಲೆ ಅಲ್ಲಿನ ಅಧಿಕಾರಿ ಡಬ್ಬಿ ತೆಗೆಸಿ, ಒಂದು ಹಾಳೆ ಎತ್ತಿ, ಇದೇನು ಎಂದು ಕೇಳಿದ.

"ಪ್ಲಾಸ್ಟಿಕ್" ಎಂದ ಶಿವನಂಜು. ತಕ್ಷಣ, "ಪ್ಲಾಸ್ಟಿಕ್ ಅಲ್ಲ" ಎಂದ. ಆಮೇಲೆ, "ಇದು ಗೆಣಸು" ಎಂದ. ಮೂರು ಮಾತಿಗೂ ಆ ಮನುಷ್ಯನ ಹುಬ್ಬು ಮೇಲೆ ಮೇಲೆ ಏರುತ್ತಿತ್ತು. ತಿನ್ನುವ ಪದಾರ್ಥವೋ, ಸುತ್ತುವ ಪದಾರ್ಥವೋ, ಒಂದು ಹೇಳಿ ಎಂದ. ಬಾಮೈದ ಬೆವರಿದ. ನನಗೆ ತಡೆಯಲಾಗಲಿಲ್ಲ. ಹಾಳೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ನುಂಗಿದೆ. "ಎರಡೂ ಹೌದು" ಎಂದೆ. ಅವನು ತನ್ನ ಜೊತೆಯವನನ್ನು ಕರೆದು ತೋರಿಸಿದ. ಇಬ್ಬರೂ ನಕ್ಕು ಡಬ್ಬಿ ಮುಚ್ಚಿ ಕೊಟ್ಟರು.

"ಬಾವ, ಅದು ನನ್ನ ಚೆನ್ನಾಗಿರೋ ಹಾಳೆ ಕಣ್ರೀ!" ಎಂದು ಶಿವನಂಜು ಹೊರಗೆ ಬರುವವರೆಗೂ ಗೊಣಗಿದ.

ನೀರಿನ ದಾರಿ

ಅಲ್ಲಿಂದ ರೈಲು. ಕಿಟಕಿಯ ಹೊರಗೆ ನೋಡಿದರೆ ಕಾಲುವೆ, ಹೊಲ, ಮತ್ತೆ ಕಾಲುವೆ. ನಮ್ಮ ಕೆ.ಆರ್. ನಗರದ ಬಯಲಿನ ಹಾಗೇ ಇದೆಯಲ್ಲ, ಚುಂಚನಕಟ್ಟೆಯ ಅಣೆಕಟ್ಟಿನ ಕೆಳಗಿನ ಗದ್ದೆ ನೋಡಿದ ಹಾಗಿದೆ ಎಂದು ಖುಷಿಯಾಯಿತು. ಆಮೇಲೆ ಸರಿಯಾಗಿ ನೋಡಿದೆ. ಕಾಲುವೆಯ ನೀರು ಹೊಲಕ್ಕಿಂತ ಮೇಲಿದೆ! ಎದುರಿಗೆ ಕೂತಿದ್ದ ಒಬ್ಬ ಹಿರಿಯರನ್ನು ಕೇಳಿದೆ. ಈ ನೆಲ ಸಮುದ್ರಕ್ಕಿಂತ ತಗ್ಗು, ಹೊಲದೊಳಗೆ ಸೇರುವ ನೀರನ್ನು ಹಗಲೂ ರಾತ್ರಿ ಪಂಪಿನಿಂದ ಎತ್ತಿ ಹೊರಗೆ ಹಾಕುತ್ತೇವೆ ಎಂದರು. ನಿಲ್ಲಿಸಿದರೆ? "ನಾವು ಈಗ ಕೂತಿರುವ ಕಡೆ ಮೀನು ಇರುತ್ತದೆ" ಎಂದು ಹೇಳಿ ಪತ್ರಿಕೆ ಓದಲು ಶುರು ಮಾಡಿದರು.

ನಮ್ಮ ಕಡೆ ತೂಬಿನ ನೀರಿಗಾಗಿ ಅಣ್ಣ ತಮ್ಮಂದಿರೇ ಗುದ್ದಲಿ ಎತ್ತಿದ್ದನ್ನು ಕಂಡಿದ್ದೇನೆ. ಇಲ್ಲಿ ನೀರನ್ನು ಹೊರಗೆ ಹಾಕಲು ಊರಿಗೆ ಊರೇ ಒಂದಾಗಿದೆ. ಮನುಷ್ಯರು ಏನೆಲ್ಲ ಮಾಡುತ್ತಾರೆ ಎಂದು ನಾನು ಇಳಿಯುವವರೆಗೂ ಬಾಯಿ ಬಿಟ್ಟುಕೊಂಡು ಕೂತಿದ್ದೆ.

ವಸತಿಗೃಹ

ನವೆಂಬರಿನ ಚಳಿ. ಹೊರಗೆ ಸಣ್ಣ ಮಳೆ, ಒಳಗೆ ಗೋಡೆಗೆ ಕೂರಿಸಿದ ಕಬ್ಬಿಣದ ಕೊಳವೆಗಳಿಂದ ಒಣ ಬಿಸಿ. ಬೆಳಿಗ್ಗೆ ಎದ್ದು ಡಬ್ಬಿ ತೆಗೆದರೆ ಮೇಲಿನ ಹಾಳೆಗಳು ಸುರುಟಿಕೊಂಡು, ಮುಟ್ಟಿದರೆ ಪಟ್ಟನೆ ಬಿರುಕು ಬಿಡುತ್ತಿದ್ದವು. ಗಂಜಿಯ ಹಾಳೆಗೆ ಗಾಳಿಯಲ್ಲಿ ಒಂದಿಷ್ಟು ತೇವ ಬೇಕು, ಹೆಚ್ಚಾದರೆ ಅಂಟುತ್ತದೆ, ಕಡಿಮೆಯಾದರೆ ಒಡೆಯುತ್ತದೆ. ಶಿವನಂಜುವಿನ ಮುಖ ನೋಡಲಾಗಲಿಲ್ಲ. ನಾನು ಹಲ್ಲುಜ್ಜಲು ಹೋಗುವಷ್ಟರಲ್ಲಿ ಅವನು ಬಚ್ಚಲುಮನೆ ಸೇರಿ, ದಾರ ಕಟ್ಟಿ, ಹಾಳೆಗಳನ್ನೆಲ್ಲ ಸಾಲಾಗಿ ತೂಗುಹಾಕಿ, ಬಿಸಿನೀರು ತಿರುಗಿಸಿ ಬಾಗಿಲು ಹಾಕಿಬಿಟ್ಟ.

"ಲೇ, ನಾನು ಸ್ನಾನ ಮಾಡೋದು ಎಲ್ಲೋ?"

"ಹಾಳೆ ಮೆತ್ತಗಾಗ್ಲಿ, ತಡೀರಿ ಬಾವ. ಒಂದಿನ ಸ್ನಾನ ಮಾಡ್ದಿದ್ರೆ ಏನೂ ಆಗಲ್ಲ."

ಆದದ್ದು ಇಷ್ಟು: ಬಾಗಿಲ ಸಂದಿಯಿಂದ ಬಂದ ಹಬೆಗೆ ಮಾಳಿಗೆಯ ಬೆಂಕಿ ಗಂಟೆ ಹೊಡೆದುಕೊಂಡಿತು. ಇಡೀ ಕಟ್ಟಡದ ಜನ ಬೀದಿಗೆ ಬಂದು ಮಳೆಯಲ್ಲಿ ನಿಂತರು. ನಾನು ಪಂಚೆ, ಬನಿಯನ್ನು, ಬಾಯಲ್ಲಿ ಬ್ರಷ್ಷು. ಮನೆಯೊಡತಿ ಮೇಲೆ ಹೋಗಿ ನೋಡಿ ಬಂದಳು. ಬೈಯುತ್ತಾಳೆ ಎಂದು ಕಾದೆ. "ತೇವ ಬೇಕಿದ್ದರೆ ನನ್ನನ್ನು ಕೇಳಬೇಕಿತ್ತು. ನೀವು ಮಾಡಿದ್ದು ಮೂರ್ಖತನ" ಎಂದು ಹೇಳಿ, ಒಂದು ಸಣ್ಣ ಕಪಾಟು ಖಾಲಿ ಮಾಡಿಸಿ, ಒಳಗೆ ನೀರಿನ ಬಟ್ಟಲು ಇಟ್ಟುಕೊಟ್ಟಳು. ಆ ಜನ ಹಾಗೇ. ಮುಖದ ಮೇಲೆ ಹೇಳುತ್ತಾರೆ, ಕೆಲಸವನ್ನೂ ಮಾಡಿಕೊಡುತ್ತಾರೆ. ನಮ್ಮಲ್ಲಾದರೆ 'ನೋಡೋಣ ಬುಡಿ' ಎಂದು ನಕ್ಕು ಕಳಿಸುತ್ತಿದ್ದೆವು.

ಹಾಳೆಗಳ ಮನೆ

ಸಂಸ್ಥೆಯಲ್ಲಿ ನಮ್ಮನ್ನು ಕರೆದುಕೊಂಡು ಓಡಾಡಿದವಳು ಮಾರೈಕೆ ಎಂಬ ವಿಜ್ಞಾನಿ. ನನಗಿಂತ ಎತ್ತರ, ನೆರೆತ ಕೂದಲು, ಮಳೆಯಲ್ಲೇ ಸೈಕಲ್ಲು ತುಳಿದುಕೊಂಡು ಬಂದಿದ್ದಳು. ಆಕೆ ಒಂದು ಉದ್ದನೆ ಮೇಜಿನ ಮೇಲೆ ಹಾಳೆಗಳನ್ನು ಹರಡಿದಳು. ಇದು ಆಲೂಗೆಡ್ಡೆಯದು. ಇದು ಮುಸುಕಿನ ಜೋಳದ್ದು. ಇದು ಕಡಲ ಪಾಚಿಯದು. ಇದು ಸಿಗಡಿಯ ಚಿಪ್ಪಿನದು. ಒಂದು ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಇದು ನಿಮಗೆ ಇಷ್ಟವಾಗಬಹುದು, ಹಾಲಿನದು" ಎಂದಳು.

ಹಾಲಿನದು! ಕಿಟಕಿಯ ಬೆಳಕಿಗೆ ಹಿಡಿದೆ. ಆಚೆ ಬದಿಯ ಮರ, ಅದರ ಕೊಂಬೆ, ಕೊಂಬೆಯ ಮೇಲಿನ ಕಾಗೆ ಎಲ್ಲ ಕಾಣುತ್ತಿತ್ತು. ಜೀವನವಿಡೀ ಕೆಚ್ಚಲು ನೋಡಿದವನು ನಾನು. ಕರೆದ ಹಾಲು ಕಾಯುತ್ತದೆ, ಹೆಪ್ಪಾಗುತ್ತದೆ, ಬೆಣ್ಣೆಯಾಗುತ್ತದೆ, ಒಡೆಯುತ್ತದೆ. ಅದು ಗಾಜಿನ ಹಾಗೆಯೂ ಆಗುತ್ತದೆ ಎಂದು ಯಾವ ಮೇಷ್ಟರೂ ನನಗೆ ಹೇಳಿರಲಿಲ್ಲ. ಮೂಸಿದೆ. ವಾಸನೆ ಇರಲಿಲ್ಲ. ಕಣ್ಣಿಗೊತ್ತಿಕೊಂಡೆ.

ಆಮೇಲೆ ಶಿವನಂಜುವಿನ ಸರದಿ. ಅವನ ಹಾಳೆಯನ್ನು ಒಂದು ಯಂತ್ರದ ಎರಡು ಹಲ್ಲುಗಳ ನಡುವೆ ಸಿಕ್ಕಿಸಿ ಎಳೆದಳು. ಬೇಗ ಹರಿಯಿತು. ಇನ್ನೊಂದರ ಮೇಲೆ ನೀರು ಚಿಮುಕಿಸಿದಳು. ಅದು ಅಲ್ಲೇ ಜೋಲುಬಿದ್ದು ಲೋಳೆಯಾಯಿತು. "ಇದು ದುರ್ಬಲ. ಮಳೆಯಲ್ಲಿ ನಿಲ್ಲುವುದಿಲ್ಲ" ಎಂದಳು. ಪಕ್ಕದಲ್ಲಿ ತಮ್ಮ ಹೊಸ ಹಾಳೆ ಇಟ್ಟಳು. ಆಲೂಗೆಡ್ಡೆಯ ಗಂಜಿಗೆ, ಗಿಡದಿಂದಲೇ ತೆಗೆದ ಇನ್ನೇನೋ ಒಂದನ್ನು ಕೂಡಿಸಿ ಮಾಡಿದ್ದು. ನೀರು ಹಾಕಿದರೆ ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿಹೋಗುತ್ತಿತ್ತು. ಬಿಸಿಯೇರಿದ ಗೊಬ್ಬರದ ಗುಂಡಿಗೆ ಹಾಕಿದರೆ ಕೆಲವೇ ವಾರಗಳಲ್ಲಿ ಹೆಸರಿಲ್ಲದ ಹಾಗೆ ಹೋಗುತ್ತದೆ ಎಂದಳು. ಶಿವನಂಜು ಅದನ್ನು ಮತ್ತೆ ಮತ್ತೆ ಸವರಿ ನೋಡಿದ. "ಇವ್ರು ಎಲ್ಲಿ, ನಾವು ಎಲ್ಲಿ ಬಾವ" ಎಂದು ಮೆಲ್ಲಗೆ ಅಂದ.

ನಾನು ಚಿಕ್ಕತಾಯಮ್ಮನ ಪ್ರಶ್ನೆ ಕೇಳಿದೆ. ಹಸು ತಿಂದರೆ?

ಮಾರೈಕೆ ಪೆನ್ನು ಕೆಳಗಿಟ್ಟಳು. "ಗೊತ್ತಿಲ್ಲ. ಇಲ್ಲಿ ಯಾರೂ ಕೇಳಿಲ್ಲ. ನಮ್ಮ ಹಸುಗಳು ಬೀದಿಯಲ್ಲಿ ಓಡಾಡುವುದಿಲ್ಲ."

ಒಂದು ದಾರಿ ಇದೆ ಎಂದೂ ಆಕೆಯೇ ಹೇಳಿದಳು. ಪಕ್ಕದ ಕಟ್ಟಡದ ಕೊಟ್ಟಿಗೆಯಲ್ಲಿ ಒಂದು ಹಸು ಇದೆ, ಅದರ ಹೊಟ್ಟೆಗೆ ಬಾಗಿಲು ಇಟ್ಟಿದ್ದಾರೆ, ಹಾಳೆಯನ್ನು ನೇರವಾಗಿ ಒಳಗಿಟ್ಟು ನೋಡಬಹುದು. ಆದರೆ ಆ ಹಸು ಮೇವಿನ ಬೇರೊಂದು ಪರೀಕ್ಷೆಯಲ್ಲಿದೆ. ಅದು ಮುಗಿಯುವುದು ವಸಂತಕ್ಕೆ. ನಾವು ಹೊರಡುವುದು ಮುಂದಿನ ವಾರ. "ಬೇಕಿದ್ದರೆ ನೋಡಿಕೊಂಡು ಬನ್ನಿ. ಮುಟ್ಟುವಂತಿಲ್ಲ" ಎಂದಳು.

ಕೊಟ್ಟಿಗೆ

ಕೊಟ್ಟಿಗೆಗೆ ಹೋಗಬೇಕಾದರೆ ನಮ್ಮ ಬಟ್ಟೆ ತೆಗೆದು ಅವರ ನಿಲುವಂಗಿ ಹಾಕಬೇಕು, ರಬ್ಬರ್ ಬೂಟು ತೊಟ್ಟು ಔಷಧಿಯ ನೀರಿನಲ್ಲಿ ಅದ್ದಬೇಕು. ಒಂದೆರಡು ವರ್ಷದ ಹಿಂದೆ ಆ ದೇಶಕ್ಕೆ ಕಾಲುಬಾಯಿ ಜ್ವರ ಬಂದು ಹೋಗಿತ್ತು. ಅದರ ಭಯ ಇನ್ನೂ ಅವರ ಕಣ್ಣಲ್ಲಿತ್ತು. ಕೊಟ್ಟಿಗೆಯ ಯಜಮಾನ ಹೆಂಕ್ ಎಂಬ ಮುದುಕ. ಹಸುಗಳ ಮೇವಿನ ಸಂಶೋಧನೆಯೇ ಅವನ ಬದುಕು. ನಾನೂ ದನದ ಡಾಕ್ಟರು ಎಂದು ಕೇಳಿದ ಮೇಲೆ ನನ್ನ ತೋಳು ಹಿಡಿದು ಆ ಹಸುವಿನ ಹತ್ತಿರ ಕರೆದುಕೊಂಡು ಹೋದ.

ಕಪ್ಪು ಬಿಳುಪಿನ ದೊಡ್ಡ ಹಸು. ಎಡಪಕ್ಕೆಯಲ್ಲಿ, ನಾನು ಕುಯ್ಯುತ್ತಿದ್ದ ಅದೇ ಜಾಗದಲ್ಲಿ, ಒಂದು ರಬ್ಬರಿನ ಬಳೆ. ಅದಕ್ಕೊಂದು ಮುಚ್ಚಳ. ಹೆಂಕ್ ಮುಚ್ಚಳ ತೆಗೆದ. ಒಳಗಿನಿಂದ ಬಿಸಿ ಹಬೆ ಬಂತು, ಹುಳಿ ಹುಲ್ಲಿನ ವಾಸನೆ ಬಂತು. ಹಸು ಮೆಲುಕು ಹಾಕುತ್ತಲೇ ಇತ್ತು. ಪುಸ್ತಕದಲ್ಲಿ ಇಂಥದ್ದರ ಚಿತ್ರ ನೋಡಿದ್ದೆ. ಈಗ ಅದರ ಎದುರಿಗೇ ನಿಂತಿದ್ದೆ. ಬದುಕಿರುವ, ನೋವಿಲ್ಲದ, ಆರಾಮವಾಗಿ ನಿಂತಿರುವ ಹಸುವಿನ ಹೊಟ್ಟೆಯೊಳಗೆ ಬೆಳಕು ಬೀಳುತ್ತಿತ್ತು! ಹುಲ್ಲು ಅಲ್ಲಿ ಮೆಲ್ಲಗೆ ಹೊರಳುತ್ತಿತ್ತು, ನೊರೆ ಎದ್ದು ಇಳಿಯುತ್ತಿತ್ತು. ನಾನು ಎಷ್ಟು ಹೊತ್ತು ನೋಡಿದೆನೋ, ಶಿವನಂಜು ಬಂದು ಭುಜ ಅಲುಗಿಸಿದ.

ಮಧ್ಯಾಹ್ನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಊಟ. ಊಟ ಎಂದರೆ ತಣ್ಣನೆ ಬ್ರೆಡ್ಡು, ಒಂದು ಚೂರು ಚೀಸು, ಒಂದು ಲೋಟ ಹಾಲು. ನಮ್ಮವ್ವ ನನಗೆ ತಟ್ಟೆಯ ಮುಂದೆ ಕೂರಲು ಕಲಿಸಿದಾಗಲೇ ಮೊದಲ ತುತ್ತು ಹಸುವಿಗೆ ಎಂದು ಕಲಿಸಿದ್ದಳು. ಪಿರಿಯಾಪಟ್ಟಣದಲ್ಲಿ ಬೀದಿಯ ಯಾವುದಾದರೂ ಹಸು ಬಾಗಿಲಿಗೆ ಬರುತ್ತದೆ, ಕೊಡುತ್ತೇನೆ. ಇಲ್ಲಿ ಹಸು ಗೋಡೆಯ ಆಚೆಗೇ ಇದೆ. ಕೈ ತಾನಾಗಿ ಒಂದು ಚೂರು ಬ್ರೆಡ್ಡು ಮುರಿಯಿತು. ಎದ್ದು ಹೋಗಿ, "ಬಾ ತಾಯಿ" ಎಂದು ಆ ಕಿಟಕಿಯ ಹಸುವಿನ ಬಾಯಿಗಿಟ್ಟೆ. ಅದು ನಾಲಿಗೆ ಚಾಚಿ ಎಳೆದುಕೊಂಡು ನನ್ನ ಬೆರಳನ್ನೂ ನೆಕ್ಕಿತು.

ಹಿಂದಿನಿಂದ ಒಂದು ಕೂಗು. ತಿರುಗಿದರೆ ಹೆಂಕ್. ಮುಖ ಕೆಂಪಗೆ ಕುದಿಯುತ್ತಿತ್ತು.

ಅವನ ಭಾಷೆಯಲ್ಲಿ ಏನೆಂದನೋ, ಬೈಗುಳ ಎಂದು ಗೊತ್ತಾಗಲು ಭಾಷೆ ಬೇಕಿರಲಿಲ್ಲ. ಮಾರೈಕೆ ಓಡಿಬಂದು ಬಿಡಿಸಿ ಹೇಳಿದಳು. ಆ ಹಸು ತಿನ್ನುವ ಒಂದೊಂದು ಹಿಡಿಯನ್ನೂ ತೂಗಿ ಹಾಕುತ್ತಾರೆ. ಮನುಷ್ಯರ ಊಟ ದನಕ್ಕೆ ಹಾಕುವುದು ಅಲ್ಲಿ ಕಾನೂನಿಗೇ ವಿರುದ್ಧ. ಈಗ ಈ ವಾರದ ಪರೀಕ್ಷೆ ಪೂರ್ತಿ ಕೆಟ್ಟಿತು. ಬೇರೆ ಯಾರಾದರೂ ಮಾಡಿದ್ದರೆ ನಾನೇ ಅವರ ಚರ್ಮ ಸುಲಿಯುತ್ತಿದ್ದೆ. ಡಾಕ್ಟರಾಗಿ ನಾನು ಮಾಡಿದೆನಲ್ಲ! ನಾಚಿಕೆಯಿಂದ ನೆಲ ನೋಡುತ್ತ ನಿಂತೆ.

ಶಿವನಂಜುವಿಗೆ ಅಳು ಬರುವುದೊಂದು ಬಾಕಿ. "ನನ್ ಮರ್ವಾದೆ ತೆಗುದ್ಬುಟ್ರಿ ಬಾವ. ಅಕ್ಕ ಹೇಳಿ ಕಳ್ಸಿದ್ದೇನು, ನೀವು ಮಾಡಿದ್ದೇನು!"

"ರೇಗ್ಬೇಡಿ ಅಂದಿದ್ಲು. ನಾನು ರೇಗಿಲ್ವಲ್ಲೋ" ಎಂದೆ. ಅವನು ಮುಖ ತಿರುಗಿಸಿಕೊಂಡ.

ಹೆಂಕ್ ಕೊನೆಗೆ ಇಂಗ್ಲಿಷಿನಲ್ಲಿ ಕೇಳಿದ, ಏಕೆ ಕೊಟ್ಟಿರಿ ಎಂದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲ ತುತ್ತಿನ ವಿಷಯ, ಅವ್ವನ ವಿಷಯ. ಆಮೇಲೆ ಮಾತು ನಿಲ್ಲಲಿಲ್ಲ, ಹನಗೋಡಿನ ಆ ಹಸುವಿನ ವಿಷಯವನ್ನೂ ಹೇಳಿಬಿಟ್ಟೆ. ಕೈ ಎಷ್ಟು ಆಳಕ್ಕೆ ಹೋಯಿತು, ಎಷ್ಟು ಎಳೆದೆ, ಏನೇನು ಬಂತು ಎಂದು ಮೊಣಕೈಯವರೆಗೆ ತೋರಿಸಿ ಹೇಳಿದೆ. ಹೆಂಕ್ ಕೇಳುತ್ತ ಕೇಳುತ್ತ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೀವು ಮಾಡಿದ್ದು ತಪ್ಪು" ಎಂದ. "ಆದರೆ ಇವಳ ಈ ವಾರ ಹೇಗೂ ಹಾಳಾಯಿತು. ಸೋಮವಾರದವರೆಗೆ ಇವಳಿಗೆ ಕೆಲಸವಿಲ್ಲ. ನಿಮ್ಮ ಹಾಳೆ ತನ್ನಿ."

ಶಿವನಂಜು ಆ ನಿಲುವಂಗಿಯಲ್ಲೇ ವಸತಿಗೃಹಕ್ಕೆ ಓಡಲು ಹೊರಟ. ಬಾಗಿಲಲ್ಲಿ ಹಿಡಿದು ನಿಲ್ಲಿಸಿ ಬಟ್ಟೆ ಬದಲಾಯಿಸಬೇಕಾಯಿತು.

ಮಾರೈಕೆ ಸಣ್ಣ ಸಣ್ಣ ಕಣ್ಣಿನ ನೈಲಾನ್ ಬಲೆಯ ಮೂರು ಚೀಲ ತಂದಳು. ಒಂದರಲ್ಲಿ ಅಂಗಡಿಯ ಪ್ಲಾಸ್ಟಿಕ್ ಕವರಿನ ತುಂಡು. ಇನ್ನೊಂದರಲ್ಲಿ ತಮ್ಮ ಹೊಸ ಹಾಳೆ. ಅದನ್ನೂ ಹಾಕಿ ಎಂದು ಯಾರೂ ಕೇಳಿರಲಿಲ್ಲ, ಆಕೆಯೇ ಹಾಕಿದಳು. ಮೂರನೆಯದರಲ್ಲಿ ಮರಗೆಣಸಿನ ಹಾಳೆ. ಹೆಂಕ್ ನನಗೆ ಭುಜದವರೆಗಿನ ಕೈಗವಸು ಕೊಟ್ಟು, "ಕೈ ನಿಮ್ಮದೇ ಇರಲಿ" ಎಂದ.

ನಾನು ಯಾವ ಹಸುವಿಗೆ ಕೈ ಹಾಕುವ ಮುಂಚೆಯೂ ಅದರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಒತ್ತಿಕೊಂಡೆ. ಚೀಲಗಳನ್ನು ಹಿಡಿದು ಕೈ ಒಳಗೆ ಬಿಟ್ಟೆ. ಬಿಸಿ, ಮೆತ್ತನೆ, ಆಳ. ಕಾಯಿಲೆಯ ಹಸುಗಳ ಹೊಟ್ಟೆ ಸತ್ತ ಹಾಗೆ ಬಿದ್ದಿರುತ್ತದೆ, ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಇಲ್ಲಿ ಕೈ ತಳಕ್ಕೆ ಹೋಗುವಷ್ಟರಲ್ಲಿ ಇಡೀ ಹೊಟ್ಟೆ ಎದ್ದು ನನ್ನ ತೋಳನ್ನು ಹಿಂಡಿತು. ಬಿಟ್ಟಿತು. ಮತ್ತೆ ಹಿಂಡಿತು. ಅಯ್ಯೋ ದೇವರೇ! ಇಷ್ಟು ಬಲವೇ ಇದಕ್ಕೆ! ಕಡ್ಡಿಯಂಥ ಹುಲ್ಲನ್ನು ಹಾಲು ಮಾಡುವ ಜಾಗ ಇದು, ಇಷ್ಟು ವರ್ಷ ನಾನು ಇದರ ಹೆಣವನ್ನೇ ಮುಟ್ಟುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಇನ್ನೊಂದು ಕೈಯೂ ಕೊಳೆಯಾಗಿತ್ತು, ಹಾಗೇ ಬಿಟ್ಟೆ.

ಮಾರನೆಯ ದಿನ

ಶಿವನಂಜು ಒಳಗೆ ಬರಲಿಲ್ಲ. "ನನ್ ಕೈಲಿ ನೋಡಾಕಾಗಲ್ಲ, ನೀವೇ ತೆಗೀರಿ" ಎಂದು ಕೊಟ್ಟಿಗೆಯ ಹೊರಗೆ ಮಳೆಯಲ್ಲಿ ನಿಂತ. ಮಾರೈಕೆ, ಹೆಂಕ್, ನಾನು.

ಮೊದಲು ಬಂದದ್ದು ಪ್ಲಾಸ್ಟಿಕ್. ತೊಳೆದರೆ ಅಂಗಡಿಯ ಹೆಸರಿನ ಅಕ್ಷರ ಕೂಡ ಮಾಸಿರಲಿಲ್ಲ. ಎರಡನೆಯದು ಅವರ ಹೊಸ ಹಾಳೆ. ಹೊಳಪು ಹೋಗಿತ್ತು, ಸ್ವಲ್ಪ ಮೆತ್ತಗಾಗಿತ್ತು, ಆದರೆ ಹಾಕಿದ ಆಕಾರದಲ್ಲೇ ಇಡಿಯಾಗಿ ಇತ್ತು. ಮಾರೈಕೆ ಅದನ್ನು ಅಂಗೈ ಮೇಲೆ ಹರಡಿಕೊಂಡು ತುಂಬ ಹೊತ್ತು ನೋಡಿದಳು. "ಗೊಬ್ಬರದ ಗುಂಡಿಯ ಬಿಸಿ ಇವಳ ಹೊಟ್ಟೆಯಲ್ಲಿಲ್ಲ" ಎಂದಳು. "ನಿಮ್ಮ ಊರಿಗೆ ಇದನ್ನು ಕಳಿಸಬಾರದು. ನಾನು ಇದನ್ನು ನಮ್ಮವರಿಗೆ ಹೇಳುತ್ತೇನೆ." ಎಷ್ಟು ವರ್ಷದ ಕೆಲಸವೋ ಅದು. ಆಕೆಯ ಮೇಲೆ ನನಗೆ ಹುಟ್ಟಿದ ಗೌರವ ಸಣ್ಣದಲ್ಲ.

ಮೂರನೆಯ ಚೀಲ ಕೈಗೆ ಸಿಗಲು ತಡವಾಯಿತು. ಸಿಕ್ಕಿತು. ಎಳೆದು ತೊಳೆದೆ. ಬೆಳಕಿಗೆ ಹಿಡಿದೆ. ಹೆಂಕ್ ಕನ್ನಡಕ ಹಾಕಿಕೊಂಡು ಹತ್ತಿರ ಬಂದ. ಚೀಲವನ್ನು ಒಳಹೊರಗು ಮಾಡಿ ತೋರಿಸಿದೆ. ಅವನು ಹಸುವಿನ ಬೆನ್ನು ತಟ್ಟಿ, "ಅವಳಿಗೆ ಇದು ಬರಿ ತಿಂಡಿ" ಎಂದ. ಒಂದೇ ಹಸು, ಒಂದೇ ದಿನ, ಇಷ್ಟಕ್ಕೇ ನಿರ್ಧಾರ ಮಾಡಬೇಡಿ, ಮತ್ತೆ ಮತ್ತೆ ಮಾಡಿ ನೋಡಬೇಕು ಎಂದೂ ಹೇಳಿದ. ಸರಿಯಾದ ಮಾತು. ತಲೆಯಾಡಿಸಿದೆ. ಆದರೆ ನನ್ನ ಕಾಲು ಆಗಲೇ ಬಾಗಿಲ ಕಡೆ ಹೊರಟಿತ್ತು.

ಶಿವನಂಜು ಗೋಡೆಗೆ ಒರಗಿ, ತಲೆಯಿಂದ ನೀರು ಇಳಿಯುತ್ತಿದ್ದರೂ ಗೊತ್ತಿಲ್ಲದೆ ನಿಂತಿದ್ದ. ಚೀಲವನ್ನು ಅವನ ಕೈಗೆ ಹಾಕಿದೆ. ಒಳಗೆ ಬೆರಳಾಡಿಸಿದ. ಮೂಲೆ ಮೂಲೆ ತಡಕಿದ.

"ಏನೂ ಇಲ್ವಲ್ಲ ಬಾವ?"

"ಏನೂ ಇಲ್ಲ ಕಣ್ಲಾ."

"ಸರಿಯಾಗ್ ನೋಡುದ್ರಾ? ಅಲ್ಲೇ ಎಲ್ಲಾದ್ರೂ ಜಾರಿ ಬಿದ್ದಿದ್ರೆ?"

"ಮೊಣಕೈವರ್ಗೂ ಬಿಟ್ಟು ನೋಡ್ದೆ ಕಣೋ. ಬರೀ ಹುಲ್ಲು."

ಅವನು ಅಲ್ಲೇ ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಆ ಚೀಲವನ್ನು ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಸಗಣಿ ನೀರು ಅವನ ಮೂಗಿನಿಂದ ಇಳಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಹಸುಗಳ ಹೊಟ್ಟೆಗೆ ಕೈ ಹಾಕಿ ಬರಿಗೈಯಲ್ಲಿ ಹೊರಗೆ ಬಂದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಆ ಕೈಯನ್ನು ಮಳೆಗೆ ಹಿಡಿದುಕೊಂಡು ಅವನ ಜೊತೆ ನಾನೂ ಅತ್ತೆ.